ಶೀನನ ಮದ್ದಿನ ಬಾಟಲಿ

ನಮ್ಮ ಮಾವನಷ್ಟು ಸ್ವಾರ್ಥಿಯನ್ನು ಡೊಂಬಿವಿಲಿಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಪಕ್ಕದ ಕಲ್ಯಾಣಕ್ಕೆ ಹೋಗಿ ಹುಡುಕಿದರೂ ಸಿಗುವುದಿಲ್ಲ. ಜೊತೆಯವರನ್ನು ರಾಕ್ಷಸನ ಬಾಯಿಗೆ ಬಿಟ್ಟು ಓಡಿದವರು, ಕುಂಟುವ ಮುದುಕನ ಕೈಯಿಂದ ಕಂದೀಲು ಕಿತ್ತುಕೊಂಡವರು, ಮೂರ್ಛೆ ಹೋದ ಗೆಳೆಯನ ಪಾದರಕ್ಷೆ ಬಿಚ್ಚಿ ತಮ್ಮ ಕಾಲಿಗೆ ಆಗುತ್ತದೋ ಎಂದು ಅಳತೆ ನೋಡಿದವರು! ಆದರೆ ಇದೆಲ್ಲ ಭಾನುವಾರ ಊಟವಾದ ಮೇಲೆ, ಸಂಜೆಯ ಚಹಾದವರೆಗೆ ಮಾತ್ರ. ಉಳಿದ ಹೊತ್ತಿನಲ್ಲಿ ಅವರು ಎಂಥವರೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ, ಆದರೂ ಹೇಳುತ್ತೇನೆ.

ಅವರು ನನ್ನ ಅಮ್ಮನ ತಮ್ಮ. ಠಾಣೆಯ ಒಂದು ಔಷಧ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ. ಬೆಳಿಗ್ಗೆ ಡೊಂಬಿವಿಲಿಯಿಂದಲೇ ಹೊರಡುವ ಲೋಕಲ್ ಹಿಡಿಯಲು ಬೇಗ ಎದ್ದು, ಗಾಡಿ ನಿಲ್ಲುವ ಮೊದಲೇ ಹಾರಿ, ಕಿಟಕಿ ಪಕ್ಕದ ಸೀಟು ಹಿಡಿಯುತ್ತಿದ್ದರು. ಹಿಡಿದು? ಮುಂದಿನ ಸ್ಟೇಷನ್ ಕೋಪರ್ ದಾಟುವುದರೊಳಗೆ ಯಾರಿಗೋ ಬಿಟ್ಟುಕೊಟ್ಟು ಎದ್ದು ನಿಲ್ಲುತ್ತಿದ್ದರು. ಹಾಗಾದರೆ ಅಷ್ಟು ಒದ್ದಾಡಿ ಹಿಡಿಯುವುದು ಯಾಕೆ ಮಾವ ಎಂದು ಕೇಳಿದ್ದಕ್ಕೆ, ಹಿಡಿಯದೆ ಕೊಡುವುದು ಹೇಗೆ ಎಂದು ನನ್ನನ್ನೇ ಕೇಳಿದರು.

ಸ್ಟೇಷನ್ನಿನ ಪೂರ್ವಕ್ಕೆ ಅವರದೊಂದು ರೂಮ್-ಕಿಚನ್ ಮನೆ ಇತ್ತು. ಮದುವೆಯಾಗದ ಒಬ್ಬರಿಗೆ ಧಾರಾಳವಾಯಿತು ಎನ್ನುತ್ತೀರಾ? ಉಡುಪಿಯಿಂದ ಇತ್ತ ಬರುವ ನಮ್ಮ ಕಡೆಯ ಹುಡುಗರಿಗೆಲ್ಲ ಅದೇ ಮೊದಲ ಮನೆ. ಅವರು ಬರುವ ಕ್ರಮವೇ ಚಂದ. ಬರಲಾ ಎಂದು ಯಾರೂ ಕೇಳುವುದಿಲ್ಲ. ಹುಡುಗ ರೈಲು ಹತ್ತಿದ್ದಾನೆ ಎಂದು ಊರಿನಿಂದ ಫೋನು ಬರುತ್ತದೆ, ಅಷ್ಟೇ. ಓಡುವ ರೈಲಿನಿಂದ ಹುಡುಗನನ್ನು ಇಳಿಸಲಿಕ್ಕಾಗುತ್ತದೆಯೇ? ಮಾವ ಠಾಣೆ ಸ್ಟೇಷನ್ನಿಗೆ ಹೋಗಿ, ಹಲಸಿನ ಹಪ್ಪಳದ ಕಟ್ಟಿನ ಸಮೇತ ಅವನನ್ನು ಇಳಿಸಿಕೊಂಡು ಬರುತ್ತಾರೆ. ಹುಡುಗ ರೂಮಿನಲ್ಲಿ ಮಲಗುತ್ತಾನೆ, ಮಾವ ಕಿಚನ್ನಿನಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಹಾಸುತ್ತಾರೆ. ಒಬ್ಬ ಕೆಲಸ ಸಿಕ್ಕಿ ಹೊರಟ ಎನ್ನುವಾಗ ಇನ್ನೊಬ್ಬ ರೈಲು ಹತ್ತಿರುತ್ತಾನೆ. ನಾನೂ ಹಾಗೆ ಹತ್ತಿದವನೇ. ಕೆಲಸ ಬೇಗ ಸಿಕ್ಕಿತು, ಆದರೆ ಮಾವನ ಕೈಯ ಬಂಗುಡೆ ಸಾರು ಬಿಟ್ಟು ಹೊರಡಲು ಮನಸ್ಸಾಗಲಿಲ್ಲ.

ಆ ಮನೆಗೆ ಭಾನುವಾರದ ಆಟ ತಂದವನು ನಾನು. ನನ್ನ ಆಫೀಸಿನ ಮರಾಠಿ ಗೆಳೆಯನೊಬ್ಬನಿಗೆ ಅದರ ಹುಚ್ಚು. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ವೀರ, ಮಂತ್ರವಾದಿ, ಕಳ್ಳ ಎಂದು ಒಂದೊಂದು ಪಾತ್ರ ಹಿಡಿದು, ಕಾಡು, ಗುಹೆ, ರಾಕ್ಷಸ ಎಂದು ಮಾತಿನಲ್ಲೇ ಅಲೆಯುತ್ತಾರೆ. ಏಟು ಬಿತ್ತೋ ತಪ್ಪಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮಾವನಿಗೆ ಇದನ್ನು ಹೇಗೆ ತಿಳಿಸುವುದಪ್ಪಾ ಎಂದು ನಾನು ಹೆದರಿದ್ದೆ. ಅವರು ಪೂರ್ತಿ ಕೇಳಲೂ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಅರ್ಥ ಹೇಳುವುದು, ಇದು ತಾಳಮದ್ದಳೆಯೇ ತಾನೇ, ಚೆಂಡೆಯ ಬದಲು ದಾಳ ಎಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಕನ್ನಡ ಸಂಘದ ತಾಳಮದ್ದಳೆಯಲ್ಲಿ ಅವರಿಗೆ ಯಾವಾಗಲೂ ಕೇಳಿದ್ದನ್ನೆಲ್ಲ ದಾನ ಕೊಡುವ ರಾಜನ ಪಾತ್ರವೇ ಗಂಟು ಬೀಳುತ್ತಿತ್ತು. ಇಲ್ಲಿ ಯಾವ ಪಾತ್ರ ಬೇಕಾದರೂ ಆಗುತ್ತದೆ ಎಂದಾಗ, ಒಂದು ಕ್ಷಣವೂ ಯೋಚಿಸದೆ ಕಳ್ಳನನ್ನು ಆರಿಸಿದರು.

ಗೆಳೆಯನ ವೀರನ ಹೆಸರು ವಜ್ರಬಾಹು. ಮಾವನ ಕಳ್ಳನ ಹೆಸರು ಶೀನ. ವಜ್ರಬಾಹುವಿನ ಜೀವನದ ಗುರಿ ದೀನರ ರಕ್ಷಣೆ. ಶೀನನ ಗುರಿ ಏನೆಂದು ಕೇಳಿದೆ. "ಮನೆಗೆ ಬಂದು ಕಾಲು ನೀಡಿ ಮಲಗುವುದು," ಎಂದರು ಮಾವ.

ಅಲ್ಲಿಂದ ಶುರುವಾಯಿತು ನೋಡಿ! ರಾಜಕುಮಾರಿಯನ್ನು ಬಿಡಿಸಿ ತನ್ನಿ ಎಂದು ರಾಜ ಬೇಡಿಕೊಂಡರೆ, ನಿನ್ನ ಸೈನ್ಯ ಬೆಳಗಿನಿಂದ ಏನು ಮಾಡುತ್ತದೆ ಎಂದು ಶೀನನ ಪ್ರಶ್ನೆ. ಗುಹೆಯೊಳಗೆ ಬೆಂಕಿಯುಗುಳುವ ಸರ್ಪ ಎದ್ದು, ವಜ್ರಬಾಹು ಕತ್ತಿ ಹಿರಿದು ನುಗ್ಗಿದರೆ, ಶೀನ ಹೊರಗೆ ನಿಂತು ಕುದುರೆ ಕಾಯುತ್ತಿದ್ದಾನೆ. ಕುದುರೆಯನ್ನು ಕಾಯಿ ಎಂದು ಯಾರು ಹೇಳಿದ್ದರು? ಯಾರೂ ಇಲ್ಲ. ಒಮ್ಮೆ ಹಸಿದ ಹಳ್ಳಿಯವರು ಒಂದು ರೊಟ್ಟಿ ಕೇಳಿದಾಗ ಶೀನ ಇಲ್ಲ ಎಂದ. ಇನ್ನೊಮ್ಮೆ ಕೇಳಿದರು, ಇಲ್ಲ ಎಂದ. ಆ 'ಇಲ್ಲ'ವನ್ನು ಮಾವ ಎಷ್ಟು ಬಗೆಯಲ್ಲಿ ಹೇಳುತ್ತಿದ್ದರೆಂದರೆ, ಹಾಡುಗಾರರು ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡಿದ ಹಾಗೆ. ಹೇಳಿ ಮುಗಿಸಿ, ಬಿಸಿನೀರಿನ ಸ್ನಾನ ಮಾಡಿ ಬಂದವರಂತೆ ಹಗುರಾಗಿ ಕೂರುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಜಗಳ ಮದ್ದಿನ ಬಾಟಲಿಯದು. ಒಂದು ಮಾಟಗಾತಿಯ ಗುಡಿಸಲಿನಲ್ಲಿ ಶೀನನಿಗೆ, ಸಾಯುವವರನ್ನೂ ಎಬ್ಬಿಸುವ ಮದ್ದು ಸಿಕ್ಕಿತು. ಒಂದೇ ಬಾಟಲಿ. ವಜ್ರಬಾಹು ಎರಡು ಸಲ ಸಾಯುವ ಸ್ಥಿತಿಗೆ ಬಂದರೂ ಶೀನ ಅದರ ಬಿರಡೆ ತೆಗೆಯಲಿಲ್ಲ. ಅರ್ಧ ಕೊಡಿ ಸಾಕು ಎಂದು ಗೆಳೆಯ ಗೋಗರೆದ. ಅರ್ಧ ಕುಡಿದರೆ ಗುಣವಿಲ್ಲ ಎಂದು ನಿಮ್ಮ ಆಟದ ನಿಯಮದ ಪುಸ್ತಕದಲ್ಲೇ ಉಂಟಲ್ಲ ಎಂದು ಮಾವ ನನ್ನ ಮುಖ ನೋಡಿದರು. ನೋಡಿದರೆ, ನಿಜವಾಗಿಯೂ ಇತ್ತು! ಕತೆ ನಡೆಸುವ ನಾನೇ ಓದಿರದ ನಿಯಮವನ್ನು ಅವರು ಓದಿಟ್ಟುಕೊಂಡಿದ್ದರು.

ಈ ಆಟಕ್ಕೆ ಆಮೇಲೆ ಬಂದು ಸೇರಿದವರು ಟೀಚರ್. ವಿಜಯಪುರದ ಕಡೆಯವರು, ವಿಠ್ಠಲವಾಡಿಯಲ್ಲಿ ಬಾಡಿಗೆ ಮನೆ. ಸಂಘದ ತಾಳಮದ್ದಳೆಯಲ್ಲಿ ಮಾವ ರಾಜ್ಯ, ಕಿರೀಟ ಎಲ್ಲ ದಾನ ಕೊಟ್ಟು ಮುಗಿಸಿದಾಗ ಇವರು ಬಳಿ ಬಂದು, ಮನೆಯಲ್ಲೂ ಹೀಗೇನಾ ಎಂದು ವಿಚಾರಿಸಿದ್ದರಂತೆ. ಪರಿಚಯ ಬೆಳೆಯಿತು. ಇಬ್ಬರಿಗೂ ವಯಸ್ಸು ನಲವತ್ತು ದಾಟಿತ್ತು, ಇಬ್ಬರಿಗೂ ಮನಸ್ಸಿತ್ತು. ಟೀಚರದ್ದು ಒಂದೇ ಷರತ್ತು: ಮದುವೆಯಾದ ಮೇಲೆ ಮನೆಯಲ್ಲಿ ಇಬ್ಬರೇ ಇರಬೇಕು. ತಪ್ಪೇನು? ಮಾವ ಒಪ್ಪಿದ್ದರು. ಈ ಹುಡುಗನೊಬ್ಬ ಹೊರಟುಹೋಗಲಿ ಎಂದರು. ಹುಡುಗ ಹೊರಟ, ಇನ್ನೊಬ್ಬ ಹತ್ತಿದ. ಅವನೊಬ್ಬ ಹೋಗಲಿ ಎಂದರು. ಹೀಗೆ ಎಷ್ಟೋ ವರ್ಷ ಕಳೆಯಿತು.

ಇಂಥ ಖಡಕ್ ಟೀಚರ್ ಆಟದಲ್ಲಿ ಯಾವ ಪಾತ್ರ ಹಿಡಿದರು ಅನ್ನುತ್ತೀರಿ? ಬೇಡಿದವರಿಗೆಲ್ಲ ಬೇಡಿದ್ದನ್ನು ಕೊಡುವ ವೀರರಾಣಿ! ಕುದುರೆ ಕೊಟ್ಟರು, ಗುರಾಣಿ ಕೊಟ್ಟರು, ಚಳಿಯಲ್ಲಿ ನಡುಗುವ ರಾಕ್ಷಸನ ಮರಿಗೆ ಹೊದ್ದ ಶಾಲನ್ನೂ ಕೊಟ್ಟರು. ಶಾಲೆಯಲ್ಲಿ ಒಂದು ಚಾಕ್‌ಪೀಸು ಹೆಚ್ಚು ಕೊಡದವರು ಇವರೇನಾ ಎಂದು ನನಗೆ ಗುಮಾನಿ. ಶೀನ ಬಾಚಿಕೊಳ್ಳುತ್ತಿದ್ದ, ರಾಣಿ ಹಂಚುತ್ತಿದ್ದಳು, ಇಬ್ಬರೂ ಖುಷಿಯಾಗಿದ್ದರು. ಚಹಾ ಕುಡಿದು ಎದ್ದ ಮೇಲೆ ಮಾವ ಮತ್ತೆ ಹಂಚಲು, ಟೀಚರ್ ಮತ್ತೆ ಕಾಯಲು ಹೊರಡುತ್ತಿದ್ದರು.

ಒಂದು ವರ್ಷ ಏಪ್ರಿಲಿನಲ್ಲಿ ಟೀಚರ್ ದಾಳ ಉರುಳಿಸುತ್ತಲೇ ಸಮಾಧಾನವಾಗಿ ಸುದ್ದಿ ಹೇಳಿದರು. ಊರಿನಲ್ಲಿ ಅಣ್ಣ ಒಂದು ಶಾಲೆಯಲ್ಲಿ ಕೆಲಸ ನೋಡಿಟ್ಟಿದ್ದಾನೆ. ಮೇ ರಜೆಗೆ ಹೋಗುವುದಕ್ಕೆ ಟಿಕೆಟ್ ಆಗಿದೆ.

"ಹೋದ್ರ ಮತ್ತ ಬರೂದಿಲ್ರಿ," ಎಂದರು. "ಸಿಟ್ಟಿಲ್ಲ ನನಗ. ಕಾದು ಸಾಕಾಗೇದ, ಅಷ್ಟ."

ಶೀನ ಆ ದಿನ ಏನನ್ನೂ ಕದಿಯಲಿಲ್ಲ.

ಟೀಚರ್ ಹೊರಡುವ ಮೊದಲಿನ ಕೊನೆಯ ಭಾನುವಾರವೂ ಬಂತು. ಆಟದಲ್ಲಿ ಸೇತುವೆ ಮುರಿಯಿತು. ಎಲ್ಲರನ್ನೂ ದಾಟಿಸಿ ರಾಣಿ ತಾನು ಬಂಡೆಯ ಮೇಲೆ ಬಿದ್ದಳು. ದಾಳ ಹಾಕಿದರೆ ಬಂದದ್ದು ಬರೀ ಒಂದು. ರಾಣಿಗೆ ಇನ್ನು ಒಂದೇ ಸರದಿ ಬಾಕಿ, ಆಮೇಲೆ ಪ್ರಾಣ ಹೋಗುತ್ತದೆ ಎಂದು ನಾನು ಸಾರಿದೆ. ಹೋಗ್ಲಿ ಬಿಡ್ರಿ, ಹೆಂಗೂ ಹೊಂಟಾಕಿ ಎಂದು ಟೀಚರ್ ನಕ್ಕರು. ಅಷ್ಟರಲ್ಲಿ ಫೋನು ಬಂತು.

ನನ್ನ ದೊಡ್ಡಮ್ಮ, ಅಂದರೆ ಮಾವನ ದೊಡ್ಡಕ್ಕ. ಆಕೆಯ ನಾದಿನಿಯ ಮಗನ ಪರೀಕ್ಷೆ ಮುಗಿದಿದೆ, ನಾಳೆ ಹತ್ತುತ್ತಾನೆ, ಠಾಣೆಗೆ ಹೋಗು ಎಂಬುದು ನಮಗೂ ಕೇಳಿಸಿತು. ದೊಡ್ಡಮ್ಮ ಫೋನಿನಲ್ಲಿ ಮಾತಾಡುವುದು ಉಡುಪಿಯಿಂದ ನೇರ ಕೂಗಿದ ಹಾಗೆ. ಆಕೆಯ ತುಳು ಇಷ್ಟು ವರ್ಷದಲ್ಲಿ ಟೀಚರಿಗೂ ಅರ್ಥವಾಗುತ್ತಿತ್ತು. ಟೀಚರ್ ತಮ್ಮ ದಾಳವನ್ನು ಮೆಲ್ಲಗೆ ಡಬ್ಬಿಗೆ ಹಾಕಿದರು.

ಮಾವ ಮಾತಾಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅಕ್ಕ, ಇಲ್ಲಿ ಜಾಗ ಇಲ್ಲ," ಎಂದರು. "ಅಲ್ಲ, ಸುಳ್ಳು ಯಾಕೆ, ಜಾಗ ಉಂಟು. ಕೊಡುವುದಿಲ್ಲ. ಅವನಿಗೆ ಬೇರೆ ಕಡೆ ರೂಮು ನೋಡಿಕೊಡುತ್ತೇನೆ. ನಾನು ಮದುವೆ ಆಗ್ತೇನೆ."

ಅದು ಶೀನನ 'ಇಲ್ಲ'. ಹಳ್ಳಿಯವರಿಗೆ ರೊಟ್ಟಿ ಕೊಡದಾಗಿನದೇ ಸ್ವರ. ಫೋನಿಟ್ಟವರು ನನ್ನ ಕಡೆ ತಿರುಗಿದರು.

"ನಿನಗೂ ಸೇರಿಸಿಯೇ ಹೇಳಿದ್ದು ಮಾರಾಯ."

ಆಗಲಿ ಮಾವ ಎಂದೆ. ಟೀಚರ್ ತಲೆ ಎತ್ತಲಿಲ್ಲ. ಡಬ್ಬಿಯಿಂದ ದಾಳ ತೆಗೆದು ಮತ್ತೆ ಚಾಪೆಯ ಮೇಲಿಟ್ಟರು. ಗೆಳೆಯನಿಗೆ ತುಳು ಬಾರದು, ಕನ್ನಡ ಆಟಕ್ಕೆ ಬೇಕಾದಷ್ಟು ಮಾತ್ರ. ಸರದಿ ಯಾರದು ಎಂದು ಮರಾಠಿಯಲ್ಲಿ ಕೇಳಿದ.

ಸರದಿ ಶೀನನದು. ಶೀನ ಬಂಡೆಯ ಬಳಿಗೆ ಇಳಿದು ಹೋಗುತ್ತಾನೆ ಎಂದರು ಮಾವ. ಸೊಂಟದಿಂದ ಬಾಟಲಿ ತೆಗೆಯುತ್ತಾನೆ, ಬಿರಡೆ ಬಿಚ್ಚುತ್ತಾನೆ, ರಾಣಿಗೆ ಕೊಡುತ್ತಾನೆ. ಪೂರ್ತಿ.

"ಪೂರ್ತಿ ನನಗ ಬ್ಯಾಡ್ರಿ," ಎಂದರು ಟೀಚರ್. ಕಣ್ಣು ಒರೆಸಿಕೊಳ್ಳುತ್ತಿದ್ದರು. "ಅರ್ಧ ನೀವ ಕುಡೀರಿ."

ಇಬ್ಬರೂ ನನ್ನ ಮುಖ ನೋಡಿದರು. ಅರ್ಧ ಕುಡಿದರೆ ಗುಣವಿಲ್ಲ ಎಂಬ ಪುಟ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ನಾನು ಪುಸ್ತಕ ಮುಚ್ಚಿ, ಇಬ್ಬರಿಗೂ ಗುಣವಾಯಿತು ಎಂದೆ.