ಗಿರಿಜ ಎಂಬ ಮೂರು ಅಕ್ಷರದೊಳಗೆ ಏನು ತುಂಬುವುದು?

ನಮ್ಮ ಭಾವನಿಗೆ ಅಕ್ಷರ ಬರೆಯಲು ಬರುವುದಿಲ್ಲ. ಹೀಗೆಂದರೆ ಬೆಂಗಳೂರಿನ ಲಗ್ಗೆರೆಯಲ್ಲಿ ಒಬ್ಬರೂ ನಂಬುವುದಿಲ್ಲ. ಮೊದಲು ಬಣ್ಣದ ಡಬ್ಬಿ, ಕುಂಚ ಹಿಡಿದು, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಮೂವತ್ತು ವರ್ಷ ಅಂಗಡಿ ಬೋರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಸಾವಿನ ಬ್ಯಾನರು ಬರೆದೇ ಬದುಕಿದ ಮನುಷ್ಯ. ಆದರೂ ನಾನು ಹೇಳುವುದು ನಿಜ. ಗಿರಿಜ ಎಂಬ ಮೂರೇ ಮೂರು ಅಕ್ಷರ ಬರೆಯಲು ಅವರಿಗೆ ಹನ್ನೊಂದು ತಿಂಗಳು ಸಾಲಲಿಲ್ಲ. ಒಂದನೇ ಕ್ಲಾಸಿನ ಮಗು ಅಷ್ಟರಲ್ಲಿ ಕಾಗುಣಿತ ಮುಗಿಸಿ ಎರಡನೇ ಕ್ಲಾಸಿಗೆ ಹೋಗಿರುತ್ತದೆ!

ಗಿರಿಜ ನನ್ನ ಅಕ್ಕ, ಭಾವನ ಹೆಂಡತಿ. ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪುಣ್ಯಸ್ಮರಣೆಯ ದಿನ ಕಟ್ಟುವ ಬ್ಯಾನರಿನಲ್ಲಿ ಅವಳ ಹೆಸರು ಬರೆಯಬೇಕಿತ್ತು. ಬೇರೆ ಯಾರೂ ಬರೆಯಕೂಡದು, ತಾನೇ ಬರೆಯಬೇಕು ಎಂದು ಭಾವನ ಹಟ. ಆ ಹಟ ನಡೆಯುತ್ತದೋ ಇಲ್ಲವೋ ಎಂಬುದೇ ನಮ್ಮ ಮನೆಯ ಒಂದು ವರ್ಷದ ಚಿಂತೆಯಾಗಿತ್ತು.

ಭಾವ ಎಲ್ಲರ ಹಾಗೆ ಫಾಂಟು ಆರಿಸಿ, ಹೆಸರು ಟೈಪು ಮಾಡಿ, ಹಿಂದೊಂದು ನೆರಳು ಬೀಳಿಸಿ ಕೈತೊಳೆದುಕೊಳ್ಳುವವರಲ್ಲ. ಕಂಪ್ಯೂಟರಿನಲ್ಲೇ ಪೆನ್ ಟೂಲ್ ಹಿಡಿದು ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತ, ಗೆರೆಯನ್ನು ಬಗ್ಗಿಸುತ್ತ ಮೊದಲು ಅಕ್ಷರದ ಅಂಚನ್ನು ಮಾತ್ರ ಬಿಡಿಸುತ್ತಾರೆ. ಒಳಗೆ ಖಾಲಿ. ಆಮೇಲೆ ಒಂದು ಎಲೆಯನ್ನೋ ಹೂವನ್ನೋ ಬೇರೆಯಾಗಿ ಬಿಡಿಸಿ, ಅದರ ನೂರಾರು ಪ್ರತಿ ಮಾಡಿಕೊಂಡು, ಒಂದನ್ನು ಓರೆ, ಇನ್ನೊಂದನ್ನು ಸಣ್ಣದು, ಮತ್ತೊಂದನ್ನು ತಲೆಕೆಳಗು ಮಾಡುತ್ತ ಆ ಖಾಲಿಯೊಳಗೆ ಒಂದೊಂದಾಗಿ ಜೋಡಿಸುತ್ತಾರೆ. ಕೊನೆಗೆ ಅಂಚಿನ ಗೆರೆಯನ್ನು ಅಳಿಸಿಬಿಡುತ್ತಾರೆ. ದೂರದಿಂದ ನೋಡಿದರೆ ಹೆಸರು, ಹತ್ತಿರ ಹೋದರೆ ಬರೀ ಹೂವು. ಒಂದು ಅಕ್ಷರಕ್ಕೆ ಒಂದು ದಿನ ಹಿಡಿಯುತ್ತದೆ.

"ಅಲ್ಲ ಭಾವ, ಕಂಬದ ತುದೀಲಿ ಕಟ್ಟೋ ಫ್ಲೆಕ್ಸು. ಎಲೆ ಒಳಗಿನ ನರ ಅಷ್ಟು ಮೇಲೆ ಯಾರು ನೋಡ್ತಾರೆ?" ಎಂದು ನಾನೊಮ್ಮೆ ಕೇಳಿದ್ದೆ.

"ಕಾಗೆ ನೋಡುತ್ತೆ," ಎಂದರು. ಮಾನಿಟರಿನಿಂದ ಮುಖ ಕೂಡ ತಿರುಗಿಸಲಿಲ್ಲ.

ಹೂವಿನ ಒಂದು ಎಸಳನ್ನು ಅವರು ಎಷ್ಟು ದೊಡ್ಡದು ಮಾಡಿಕೊಂಡು ಕೂರುತ್ತಿದ್ದರೆಂದರೆ, ಒಬ್ಬ ಗಿರಾಕಿ ಒಳಗೆ ಬಂದು, ಪರದೆಯ ತುಂಬ ಬರೀ ಗುಲಾಬಿ ಬಣ್ಣ ಕಂಡು, "ಕಂಪ್ಯೂಟರ್ ಕೆಟ್ಟೋಯ್ತಾ ಸಾರ್? ನಾಳೆ ಬರ್ತೀನಿ ಬಿಡಿ," ಎಂದು ಹೊರಟೇಬಿಟ್ಟಿದ್ದ. ಅಕ್ಕ ಕುಂಟುತ್ತಲೇ ಹಿಂದೆ ಹೋಗಿ ಅವನನ್ನು ಕರೆದುಕೊಂಡು ಬಂದಳು.

ಆ ಅಂಗಡಿಯ ಅರ್ಧ ಅಕ್ಕನೇ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹದಿನೆಂಟು ವರ್ಷ ಶರ್ಟಿನ ಗುಂಡಿಗೆ ಕಾಜಾ ಹೊಡೆದು ಮಂಡಿ, ಸೊಂಟ ಎರಡೂ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಭಾವನ ಅಂಗಡಿಯ ಬೆಂಚಿನ ಮೇಲೆ ಬಂದು ಕೂತಳು. ಮನೆಯಿಂದ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದಳು. ಟೇಬಲ್ಲಿನಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಲೋಟವನ್ನು ನೇರವಾಗಿ ಮೌಸ್‌ಪ್ಯಾಡಿನ ಮೇಲೆ ಇಡುತ್ತಿದ್ದಳು.

"ಎಷ್ಟು ಸಲ ಹೇಳೋದು ನಿಂಗೆ, ಇಲ್ಲಿ ಇಡಬೇಡ ಅಂತ?"

"ಬೇರೆ ಕಡೆ ಇಟ್ರೆ ನೀವು ನೋಡಲ್ಲ, ಆರಿಹೋಗುತ್ತೆ."

ಈ ಮಾತುಕತೆ ದಿನಕ್ಕೆ ಮೂರು ಸಲ, ವರ್ಷಗಟ್ಟಲೆ ಒಂದಕ್ಷರವೂ ಬದಲಾಗದೆ ನಡೆಯಿತು.

ಸಾವಿನ ಬ್ಯಾನರಿಗೆ ಭಾವನದ್ದು ಒಂದು ವಿಚಿತ್ರ ನಿಯಮ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಅವರ ಹೆಸರಿನೊಳಗೆ ತುಂಬಬೇಕು. ಬಂದವರನ್ನು "ಅವರಿಗೆ ಏನಿಷ್ಟ ಇತ್ತು?" ಎಂದು ಕೇಳುತ್ತಿದ್ದರು. ಹೆಣ ಮನೆಯಲ್ಲಿಟ್ಟು ಬಂದವರಿಗೆ ಇದೆಂಥ ಪ್ರಶ್ನೆ, ನೀವೇ ಹೇಳಿ. "ಗುಲಾಬಿ ಹಾಕ್ಬಿಡಿ ಸಾರ್," ಎನ್ನುತ್ತಿದ್ದರು. ಆಗ ಅಕ್ಕ ಅವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಟೀ ಕೊಟ್ಟು, ಮೆಲ್ಲಗೆ ಮಾತಿಗೆಳೆದು ವಿಷಯ ತಿಳಿದುಕೊಳ್ಳುತ್ತಿದ್ದಳು. ಲೇತ್ ಮೆಷಿನ್ ಓಡಿಸುತ್ತಿದ್ದವನೊಬ್ಬ, ಕಬ್ಬಿಣ ಕೊರೆಯುವಾಗ ಬೀಳುವ ಸುರುಳಿಗಳಲ್ಲಿ ಚಂದದ್ದನ್ನು ಆರಿಸಿ ಮಗಳಿಗೆಂದು ಮನೆಗೆ ಒಯ್ಯುತ್ತಿದ್ದನಂತೆ. ಅವನ ಹೆಸರಿನ ತುಂಬ ಭಾವ ಆ ಸುರುಳಿಗಳನ್ನೇ ತುಂಬಿದರು. ಪ್ರಶ್ನೆ ಭಾವನದು, ಉತ್ತರವೆಲ್ಲ ಅಕ್ಕ ಸಂಪಾದಿಸಿದ್ದು.

ಒಂದು ಸಲ ಮಾತ್ರ ಪೆಟ್ಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಹಳೇ ಊರಿನ ಯಜಮಾನರೊಬ್ಬರು ತೀರಿಕೊಂಡರು. ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೂ ಎರಡು ಬಿಲ್ಡಿಂಗಿನ ನಡುವಿನ ಸಂದಿಯಲ್ಲಿ ಒಂದು ಎಮ್ಮೆ ಕಟ್ಟಿಕೊಂಡಿದ್ದವರು. ಬ್ಯಾನರಿಗೆಂದು ಮಕ್ಕಳ ಜೊತೆ ಬಂದ ಅವರ ಹೆಂಡತಿ, ಆ ಎಮ್ಮೆಯೆಂದರೆ ಯಜಮಾನರಿಗೆ ಪ್ರಾಣ ಎಂದು ಅಕ್ಕನಿಗೆ ಹೇಳಿದರು. ಇನ್ನು ಕೇಳಬೇಕೆ? ಭಾವ ಹೆಸರಿನ ತುಂಬ ಕೊಂಬು ಜೋಡಿಸಿದರು. ಬೆಳಗ್ಗೆ ಬ್ಯಾನರು ನೋಡಿದ ಇಬ್ಬರು ಗಂಡುಮಕ್ಕಳು ನೇರ ಅಂಗಡಿಗೆ ಬಂದರು.

"ಏನ್ರೀ ಇದು? ಸತ್ತೋರ ಹೆಸರಿಗೆ ಕೋಣನ ಕೊಂಬಾ? ನಮ್ಮಪ್ಪನ್ನ ಯಮನ ಹಿಂದೆ ಕೂರಿಸಿ ಕಳಿಸಿದೀರಲ್ಲ!"

"ಕೋಣ ಅಲ್ಲ ಸಾರ್, ಎಮ್ಮೆ," ಎಂದರು ಭಾವ. ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಇಳಿಸಲು ಏಣಿ ತಂದರು. ಅಷ್ಟರಲ್ಲಿ ಆ ಅಜ್ಜಿ ಬಂದು ಬ್ಯಾನರಿನ ಕೆಳಗೆ ನಿಂತು, ತಲೆಯೆತ್ತಿ ಬಹಳ ಹೊತ್ತು ನೋಡಿದರು. "ಇಳಿಸ್ಬ್ಯಾಡಿ ಕಣ್ರಲಾ. ಇದು ನಮ್ಮ ಬೋರಿ ಕೊಂಬು. ಎಡಗಡೇದು ಇಂಗೇ ಬಗ್ಗಿತ್ತು," ಎಂದರು. ಎಡಗೊಂಬು ಬಗ್ಗಿತ್ತೆಂಬುದನ್ನೂ ಅಕ್ಕ ಕೇಳಿ ತಿಳಿದು ಭಾವನಿಗೆ ಹೇಳಿದ್ದಳು. ಆ ಬ್ಯಾನರು ಬಿಸಿಲಿಗೆ ಬಣ್ಣ ಹೋಗುವವರೆಗೂ ಅಲ್ಲೇ ಇತ್ತು.

ಆ ಕೊಂಬಿನ ಗಲಾಟೆ ಆಗಿ ಕೆಲವೇ ದಿನವಾಗಿತ್ತು, ಅಂಥ ಅಕ್ಕ ಜ್ವರವೆಂದು ಮಲಗಿದಳು. ಮೂರು ದಿನ ಆಸ್ಪತ್ರೆ, ನಾಲ್ಕನೇ ದಿನ ಇಲ್ಲ. ನನಗೆ ಈಗಲೂ ಅದು ಸರಿಯಾಗಿ ಅರ್ಥವಾಗಿಲ್ಲ.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಭಾವ ಎಂಥ ಬ್ಯಾನರು ಮಾಡುತ್ತಾರೋ ಎಂದು ಬೀದಿಯೇ ಕಾಯುತ್ತಿತ್ತು. ಅವರು ಕಂಪ್ಯೂಟರಿನ ಮುಂದೆ ಕುಳಿತು ಮೂರು ಅಕ್ಷರದ ಅಂಚು ಬಿಡಿಸಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, "ನಿಮ್ಮಕ್ಕಂಗೆ ಏನಿಷ್ಟ ಇತ್ತಮ್ಮಾ?" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೋರು ನೀವು. ನನ್ನ ಕೇಳ್ತೀರಾ?"

"ನಂಗೊತ್ತಿಲ್ಲ ಕಣಮ್ಮ," ಎಂದರು. ದನಿ ಎಷ್ಟು ಸಣ್ಣಗಿತ್ತೆಂದರೆ ನಾನು ಎರಡನೇ ಸಲ ಕೇಳಿ ತಿಳಿದುಕೊಂಡೆ.

ಉತ್ತರ ಹೇಳಿ ಅವರ ಮುಖಕ್ಕೆ ಎಸೆಯೋಣವೆಂದು ಬಾಯಿ ತೆರೆದೆ. ಹೋಳಿಗೆ? ಅದು ನನಗಿಷ್ಟ. ಹಸಿರು ಬಳೆ? ಅದೂ ನನಗೇ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಅವಳಿಗೆ ಏನಿಷ್ಟ ಎಂದು ಯೋಚಿಸಿದರೆ ನನಗೆ ಇಷ್ಟವಾದದ್ದೇ ಒಂದೊಂದಾಗಿ ನೆನಪಾಗುತ್ತಿತ್ತು. ಭಾವನನ್ನು ಬೈಯಲು ಹೊರಟ ನಾನು ಅಕ್ಕನ ಬೆಂಚಿನ ಮೇಲೆ ಕುಳಿತು ಅತ್ತೆ.

ಆ ದಿನಕ್ಕೆ ಬೇರೆ ಅಂಗಡಿಯಿಂದ ಬ್ಯಾನರು ಮಾಡಿಸಿದೆವು. ಚಿನ್ನದ ಬಣ್ಣದ ರೆಡಿಮೇಡ್ ಅಕ್ಷರ, ನಾಲ್ಕು ಮೂಲೆಗೆ ಗುಲಾಬಿ. ಭಾವ ಒಂದು ಸಲವೂ ತಲೆಯೆತ್ತಿ ಅದನ್ನು ನೋಡಲಿಲ್ಲ. "ವರ್ಷಕ್ಕೆ ನಾನೇ ಮಾಡ್ತೀನಿ," ಎಂದಷ್ಟೇ ಹೇಳಿದರು.

ಅಲ್ಲಿಂದ ಶುರುವಾಯಿತು ನೋಡಿ ಅವರ ತನಿಖೆ. ನೂರು ಪುಟದ ನೋಟ್‌ಬುಕ್ ಕೊಂಡರು. ಗಾರ್ಮೆಂಟ್ಸಿನ ಗೇಟಿನ ಮುಂದೆ ನಿಂತು ಅಕ್ಕನ ಹಳೇ ಗೆಳತಿಯರನ್ನು ವಿಚಾರಿಸಿದರು. ಯಾರೀತ, ಹೆಂಗಸರ ಹತ್ತಿರ ಏನೋ ಕೇಳಿ ಕೇಳಿ ಬರೆದುಕೊಳ್ಳುತ್ತಾನಲ್ಲ ಎಂದು ಸೆಕ್ಯುರಿಟಿಯವನು ಇವರನ್ನೇ ವಿಚಾರಿಸಿದ. ಪಕ್ಕದ ಮನೆಯವರು ಮಲ್ಲಿಗೆ ಎಂದರು, ಮಲ್ಲಿಗೆ ಮುಡಿದರೆ ಅಕ್ಕನಿಗೆ ತಲೆನೋವು ಬರುತ್ತಿತ್ತು. ದಿನಸಿ ಅಂಗಡಿಯವನು, "ಅಕ್ಕ ಯಾವಾಗ್ಲೂ ನಿಮ್ಮ ಬಿಸ್ಕೆಟ್ಟೇ ತಗೊಳ್ತಿದ್ರು ಸಾರ್," ಎಂದ. ತರಕಾರಿ ಗಾಡಿಯವಳು, "ನುಗ್ಗೇಕಾಯಿ. ಯಜಮಾನ್ರಿಗೆ ಇಷ್ಟ ಅಂತ ಆರಿಸಿ ಆರಿಸಿ ತಗೊಳ್ತಿದ್ರು," ಎಂದಳು. ಆರು ತಿಂಗಳಲ್ಲಿ ಆ ನೋಟ್‌ಬುಕ್ಕಿನಲ್ಲಿ ಭಾವನಿಗೆ ಇಷ್ಟವಾದ ಪದಾರ್ಥಗಳ ಪಟ್ಟಿಯೇ ತಯಾರಾಯಿತು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಊಟದ ಹೊತ್ತಿಗೆ ಭಾವ ಗೇಟಿಗೆ ಬಂದು, ಹೊಸದಾಗಿ ತುಂಬಿದ ಮೂರು ಅಕ್ಷರದ ಪ್ರಿಂಟು ತೋರಿಸುತ್ತಿದ್ದರು.

"ನೋಡಮ್ಮ. ಇವಳಾ?"

"ಅಲ್ಲ ಭಾವ."

ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದರು. ಕರಿಬೇವು ತಂದರು, ಅಲ್ಲ. ಕಾಜಾ, ಗುಂಡಿ ತಂದರು. ಅವಳ ಸೊಂಟ ಮುರಿದ ಕೆಲಸವನ್ನೇ ಅವಳ ಹೆಸರಿಗೆ ತುಂಬುತ್ತೀರಾ ಎಂದು ಜಗಳವಾಡಿ ಕಳಿಸಿದೆ. ಒಂದು ದಿನ ನುಗ್ಗೇಕಾಯಿ ತುಂಬಿಕೊಂಡು ಬಂದರು. ನಾನು ನೋಡಿ, "ಏನು ಭಾವ, ಅಕ್ಕನ್ನ ಸಾಂಬಾರಿಗೆ ಹಾಕ್ಬಿಟ್ರಲ್ಲ," ಎಂದೆ. ತಿಂಗಳುಗಳ ಮೇಲೆ ಇಬ್ಬರಿಗೂ ನಗು ಬಂತು. ನಕ್ಕೆವು, ಆಮೇಲೆ ಇಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತು ನನ್ನ ಡಬ್ಬಿಯ ಊಟ ಹಂಚಿಕೊಂಡೆವು.

ಆ ವರ್ಷ ಅವರು ಅಂಗಡಿ ಗುಡಿಸುವುದನ್ನೂ ಬಿಟ್ಟಿದ್ದರು. ಭಾನುವಾರ ಹೋಗಿ ನಾನೇ ಗುಡಿಸುತ್ತಿದ್ದೆ. ಮೌಸ್‌ಪ್ಯಾಡಂತೂ ಮುಟ್ಟಲು ಹೇಸಿಗೆಯಾಗುವಷ್ಟು ಕಲೆಯಾಗಿತ್ತು. ಹೊಸದೊಂದು ತಂದುಕೊಟ್ಟೆ. "ಚೆನ್ನಾಗಿದೆ," ಎಂದು ಡ್ರಾಯರಿನೊಳಗೆ ಇಟ್ಟರು, ತೆಗೆಯಲೇ ಇಲ್ಲ. ಕೊಳಕು ಮನುಷ್ಯ ಎಂದು ಬೈದೆ.

ಪುಣ್ಯಸ್ಮರಣೆಗೆ ಹತ್ತು ದಿನವಿತ್ತು. ನಾನು ಕಸ ಗುಡಿಸುತ್ತಿದ್ದೆ. ಎಮ್ಮೆಯ ಅಜ್ಜಿ ಕೋಲೂರಿಕೊಂಡು ಅಂಗಡಿಗೆ ಬಂದರು. ಯಜಮಾನರ ವರ್ಷದ ದಿನ ಬಂದಿದೆ, ಅದೇ ಕೊಂಬಿನ ಬ್ಯಾನರು ಮತ್ತೆ ಬೇಕು ಎಂದರು. ಬೆಂಚಿನ ಕಡೆ ನೋಡಿ, "ಆಯಮ್ಮ ಎಲ್ಲಿ ಸಾಮಿ?" ಎಂದರು.

ಭಾವ ಪರದೆಯ ಕಡೆ ತಿರುಗಿದರು. ನಾನೇ ಹೇಳಿದೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಕ್ಕ ಕೂರುತ್ತಿದ್ದ ಜಾಗದ ಪಕ್ಕಕ್ಕೆ, ಅದನ್ನು ಬಿಟ್ಟು, ಕುಳಿತರು.

ಪರದೆಯ ಮೇಲೆ ಗಿರಿಜ ಎಂಬ ಮೂರು ಅಕ್ಷರವಿತ್ತು. ತುಂಬಿದ್ದನ್ನೆಲ್ಲ ಭಾವ ಮತ್ತೆ ಅಳಿಸಿದ್ದರು. ಬರೀ ಅಂಚು, ಅಂಚಿನ ಉದ್ದಕ್ಕೂ ಪುಟ್ಟ ಪುಟ್ಟ ಬಿಳಿ ಚೌಕದ ಚುಕ್ಕಿ. ಗೆರೆಯನ್ನು ಬಗ್ಗಿಸಲು ಹಿಡಿದುಕೊಳ್ಳುವ ಚುಕ್ಕಿಗಳು ಅವು. ಕೆಲಸ ಮಾಡುವಾಗ ಪರದೆಯಲ್ಲಿ ಮಾತ್ರ ಕಾಣುತ್ತವೆ, ಪ್ರಿಂಟಿಗೆ ಬರುವುದಿಲ್ಲ.

ಅಜ್ಜಿ ಅದನ್ನೇ ನೋಡುತ್ತ, "ಇದೇ ಅಲ್ವಾ ಆಯಮ್ಮಂಗೆ ಇಷ್ಟ ಆಗ್ತಿದ್ದುದು," ಎಂದರು.

ಭಾವ ಕುರ್ಚಿ ತಿರುಗಿಸಿದರು. "ಯಾವುದು?"

"ಅದೇ ಚುಕ್ಕಿ. ಅವತ್ತು ನಾನು ಇಲ್ಲೇ ಅಳ್ತಾ ಕೂತಿದ್ನಲ್ಲ, ಆಯಮ್ಮ ನನ್ ಕೈ ಇಡ್ಕೊಂಡು ತೋರ್ಸುದ್ರು. ‘ನೋಡಿ ಅಮ್ಮ, ಚುಕ್ಕಿ ಇಟ್ಟು ಎಂಗೆ ಗೆರೆ ಎಳೀತಾರೆ, ರಂಗೋಲಿ ಬಿಟ್ಟಂಗೆ. ಇದನ್ನ ನೋಡಾಕೇ ನಾನು ಇಲ್ಲಿ ಬಂದು ಕೂತ್ಕಳದು. ಇಷ್ಟಕ್ಕೇ ಬಿಟ್ರೆ ಎಷ್ಟು ಚೆಂದ. ಆಮ್ಯಾಕೆ ಏನೇನೋ ತುಂಬಿ ಮುಚ್ಚಾಕ್ಬಿಡ್ತಾರೆ’ ಅಂತ ನಗಾಡುದ್ರು."

"ನಂಗೆ ಯಾವತ್ತೂ ಹೇಳ್ಲಿಲ್ಲ," ಎಂದರು ಭಾವ.

"ನೀವು ಕೇಳುದ್ರಾ ಸಾಮಿ?"

ಅಜ್ಜಿ ಅದನ್ನು ಚುಚ್ಚಲೆಂದು ಕೇಳಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು. ಭಾವ ಇಲ್ಲವೆಂದು ತಲೆಯಾಡಿಸಿದರು. ನಾನು ಪೊರಕೆ ಹಿಡಿದು ನಿಂತೇ ಇದ್ದೆ. ನಾನೂ ಕೇಳಿರಲಿಲ್ಲ.

ಹನ್ನೊಂದು ತಿಂಗಳು ಆ ಅಕ್ಷರಗಳು ಅಕ್ಕನಿಗೆ ಬೇಕಾದ ಹಾಗೆಯೇ ಪರದೆಯ ಮೇಲೆ ಇದ್ದವು. ಭಾವ ದಿನಾ ಅವನ್ನು ಮುಚ್ಚುವ ದಾರಿ ಹುಡುಕುತ್ತಿದ್ದರು.

ಪ್ರಿಂಟಿಗೆ ಬರದ ಆ ಚುಕ್ಕಿಗಳನ್ನು ಭಾವ ಒಂದೊಂದಾಗಿ ಬಿಳಿ ಚೌಕವಾಗಿ ಹೊಸದಾಗಿ ಬಿಡಿಸಿದರು. ಅದಕ್ಕೆ ಒಂಬತ್ತು ದಿನ ತೆಗೆದುಕೊಂಡರು, ಬೇಗ ಮುಗಿಸಲು ಮನಸ್ಸಿರಲಿಲ್ಲವೋ ಏನೋ. ಪ್ರಿಂಟಿಂಗಿನವರು ಫೋನ್ ಮಾಡಿ, "ಸಾರ್, ಫೈಲು ಅರ್ಧ ಬಂದಿದೆ," ಎಂದರು. "ಇಲ್ಲ, ಪೂರ್ತಿ ಇದೆ," ಎಂದರು ಭಾವ. ಕಟ್ಟಿದ ದಿನ ಬೀದಿಯಲ್ಲಿ ಹೋಗುವವರು ಒಬ್ಬೊಬ್ಬರಾಗಿ ನಿಂತು, "ಬಣ್ಣ ತುಂಬೋದು ಮರ್ತ್ರಾ ಅಣ್ಣ?" ಎಂದು ಕೇಳಿದರು. ಎಲ್ಲರಿಗೂ ಭಾವ ಸಮಾಧಾನದಿಂದ, "ಅವಳಿಗೆ ಹಿಂಗೇ ಇಷ್ಟ," ಎಂದು ಹೇಳಿದರು. ಆ ಮಾತು ಹೇಳುವುದರಲ್ಲಿ ಅವರಿಗೆ ಎಷ್ಟು ಸುಖವಿತ್ತೆಂದರೆ, ಕೇಳದೆ ಹೋದವರನ್ನೂ ಕರೆದು ಹೇಳಿದರು.

ಮಾರನೇ ದಿನ ಅಂಗಡಿಗೆ ಹೋದಾಗ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ಮೇಲೆ ನನ್ನ ಹೆಸರು ಬರೆದುಕೊಂಡು ಕೂತಿದ್ದರು.

"ನಿಂಗೇನಿಷ್ಟ, ಹೇಳಮ್ಮ."

"ಏನು ಭಾವ, ನನ್ನನ್ನೂ ಈಗಲೇ ಕಳಿಸ್ತೀರಾ?"

"ಆಮೇಲೆ ಯಾರನ್ನ ಕೇಳ್ಲಿ?"

ಹೋಳಿಗೆ ಎಂದು ಬರೆಸಿದೆ. ಪೆನ್ನು ಕಸಿದುಕೊಂಡು ಮುಂದಿನ ಪುಟದಲ್ಲಿ ಅವರ ಹೆಸರು ಬರೆದು, "ನಿಮಗೆ?" ಎಂದು ಕೇಳಿದೆ. ಊರವರನ್ನೆಲ್ಲ ಕೇಳಿದ ಆ ಪ್ರಶ್ನೆ ತನಗೂ ಬಂದೀತೆಂದು ಅವರು ನೆನೆಸಿರಲಿಲ್ಲ. ಮೌಸನ್ನು ಎತ್ತಿ ಪಕ್ಕಕ್ಕಿಟ್ಟು, ಆ ಕೊಳಕು ಮೌಸ್‌ಪ್ಯಾಡನ್ನು ನನ್ನ ಕಡೆ ತಳ್ಳಿದರು. ಟೀ ಲೋಟದ ಕಂದು ಗುರುತುಗಳು, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು.

"ಇದು," ಎಂದರು. ಒಂದು ಗುರುತಿನ ಮೇಲೆ ಬೆರಳಾಡಿಸಿ, "ಸುಲಭ ಕಣಮ್ಮ. ನನ್ನ ಹೆಸರಿಗೆ ಒಂದು ಸುತ್ತು ಎಳೆದ್ರೆ ಸಾಕು, ನಿಂಗೂ ಬರುತ್ತೆ," ಎಂದರು.

ಬರೆದುಕೊಂಡೆ. ನಾನು ತಂದ ಹೊಸ ಪ್ಯಾಡು ಡ್ರಾಯರಿನಲ್ಲೇ ಇದೆ. ಇರಲಿ ಬಿಡಿ.