ಪಕ್ಕದ ಪೇದೆ

ಕನ್ನಡಕದಯ್ಯನ ಅಂದಿನ ಅನರ್ಥಕ್ಕೆಲ್ಲ ಕಾರಣ ಒಂದೇ ಒಂದು ಪದ. ಅದೂ ಎರಡೇ ಅಕ್ಷರದ್ದು.

ಕನ್ನಡಕದ ಅಂಗಡಿಯಿಟ್ಟು ಬಾಳುತ್ತಿದ್ದ ಆತನ ಮನೆಯ ಮುಂಗೋಣೆಯನ್ನು ಹೆಂಡತಿಯ ತಮ್ಮ ಬಹುಕಾಲದಿಂದ ಆಕ್ರಮಿಸಿದ್ದ. ಸೋಫಾದ ಮೇಲೆ ಭಗವಂತನಂತೆ ಪವಡಿಸುವುದು, ಎದ್ದಾಗ ಭಾವನನ್ನು ಚದುರಂಗದಲ್ಲಿ ಸೋಲಿಸುವುದು, ಇಷ್ಟೇ ಅವನ ದಿನಚರಿ. ಊರಿನ ಪಂದ್ಯಾವಳಿಯಲ್ಲಿ ಇಬ್ಬರೂ ಎದುರಾಳಿಗಳಾದಾಗ ಅವನೇ ಪಣ ಒಡ್ಡಿದ.

"ನೀವು ಗೆದ್ರೆ ಮನೆ ಖಾಲಿ ಮಾಡ್ತೀನಿ ಭಾವ. ಸೋತ್ರೆ ನಿಮ್ಮ ಮಲಗೋ ಕೋಣೇನೂ ನಂದೇ!"

ಪಂದ್ಯದ ಬೆಳಿಗ್ಗೆ ಕನ್ನಡಕದಯ್ಯ ಬಾಲ್ಕನಿಯಲ್ಲಿ ನಿಂತು, ಅಂಚಿನಿಂದ ಆಟ ತೊಡಗುವ ತನ್ನ ಪಾರ್ಶ್ವಾರಂಭದ ವ್ಯೂಹವನ್ನು ಫೋನಿನಲ್ಲಿ ಗೆಳೆಯನಿಗೆ ಬಣ್ಣಿಸಿದ. ಚದುರಂಗದ ಕಾಲಾಳನ್ನು ಆತ ಹಳೆಯ ರೂಢಿಯಂತೆ ಪೇದೆ ಎನ್ನುತ್ತಿದ್ದ.

"ನಡುವಿನವರ ತಂಟೆಗೇ ಹೋಗಲ್ಲ ಕಣೋ. ಮೊದ್ಲು ಪಕ್ಕದ ಪೇದೇನ ಮುಂದಕ್ಕೆ ತಳ್ತೀನಿ, ಆಮೇಲೆ ಬಲಿ ಕೊಟ್ಟುಬಿಡ್ತೀನಿ. ಅವನು ಹೋದ್ರೆ ರಾಣಿಗೆ ದಾರಿ ಸಲೀಸು!"

ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವಳು ಪೊಲೀಸ್ ಪೇದೆಯ ಹೆಂಡತಿ. ಚದುರಂಗದ ಗಂಧಗಾಳಿಯೂ ಅರಿಯದ ಸಾಧ್ವಿ. ಹಿಡಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೋಡಿದಳು.

"ರೀ, ಏಳ್ರೀ! ಆ ಕನ್ನಡಕದಯ್ಯ ನಿಮ್ಮನ್ನ ಬಲಿ ಕೊಡ್ತಾನಂತೆ! ಇದ್ರಲ್ಲಿ ಯಾವಳೋ ರಾಣಿ ಬೇರೆ ಇದಾಳೆ. ಯಾರ್ರೀ ಅವಳು?"

ಮೊದಲ ಸುದ್ದಿಗಿಂತ ಕೊನೆಯ ಪ್ರಶ್ನೆಗೇ ಪೇದೆ ಹೆಚ್ಚು ಬೆವರಿದ.

ಇತ್ತ ಪಂದ್ಯದ ಸಭಾಂಗಣದಲ್ಲಿ ಕನ್ನಡಕದಯ್ಯ ಅಂಚಿನ ಪೇದೆಯನ್ನು ವಿಧಿವತ್ತಾಗಿ ಬಲಿ ಕೊಟ್ಟಾಗಿತ್ತು. ರಾಣಿಗೆ ದಾರಿ ಮಾತ್ರ ತೆರೆಯಲಿಲ್ಲ. ಭಾವಮೈದನ ಕುದುರೆ ಈತನ ಅರಮನೆಯೊಳಗೇ ಹುಲ್ಲು ಮೇಯುತ್ತಿತ್ತು. ಮುಂದಿನ ನಡೆಯೂ ಅವನದೇ. ಆಗ ಹಲಗೆಯ ಮೇಲೆ ಪರ್ವತಾಕಾರದ ನೆರಳೊಂದು ಬಿತ್ತು.

"ಪೇದೇನ ಬಲಿ ಕೊಡೋರು ಯಾರ್ರೀ ಇಲ್ಲಿ?"

ಭಾವಮೈದ ತಲೆಯನ್ನೂ ಎತ್ತದೆ ಗುರುವಿನ ಗತ್ತಿನಲ್ಲಿ ಹೇಳಿದ: "ಬಲಿ ಕೊಟ್ಟಿದ್ದು ಭಾವ, ಹೊಡೆದು ಆಚೆ ಹಾಕಿದ್ದು ನಾನು. ಇನ್ನೂ ಏಳು ಪೇದೆ ಬಾಕಿ. ಸಂಜೆಯೊಳಗೆ ಎಲ್ಲಾ ಸಾಫ್!"

ಮರುಕ್ಷಣವೇ ಅವನ ಕೊರಳಪಟ್ಟಿ ಪೇದೆಯ ಮುಷ್ಟಿಯಲ್ಲಿತ್ತು; ಪೇದೆ ಅವನನ್ನು ಹೊರಗೆಳೆದೊಯ್ದ. ಹೊರಗೆ ಅಂಗಳದಲ್ಲಿ ಅರ್ಥವಿವರಣೆ ಮುಗಿದು ನಗೆಯೇಳುವ ಹೊತ್ತಿಗೆ, ಒಳಗೆ ಭಾವಮೈದನ ನಡೆಗಳಿಗೆಂದು ಕೊಟ್ಟ ಗಡಿಯಾರದ ಅವಧಿಯೂ ಮುಗಿದಿತ್ತು. ತೀರ್ಪುಗಾರ ಗೆಲುವನ್ನು ಕನ್ನಡಕದಯ್ಯನಿಗೇ ಕಟ್ಟಿದ.

ಭಾವಮೈದ ಮಾತಿಗೆ ತಪ್ಪಲಿಲ್ಲ. ಸಂಜೆಯೇ ಗಂಟುಮೂಟೆ ಕಟ್ಟಿ ಹೊರಟ. ಕನ್ನಡಕದಯ್ಯ ಸ್ವಂತ ಸೋಫಾದ ಮೇಲೆ ಕಾಲು ಚಾಚಿ ಕಣ್ಣುಮುಚ್ಚುವಷ್ಟರಲ್ಲಿ ಕರೆಗಂಟೆ ಕೂಗಿತು. ಬಾಗಿಲಲ್ಲಿ ಅದೇ ಭಾವಮೈದ, ಕೈಯಲ್ಲಿ ಖಾಲಿ ತಟ್ಟೆ.

"ತನ್ನಿಂದ ನಾನು ಸೋತೆ ಅಂತ ಪೇದೆಯವರು ತುಂಬಾ ನೊಂದ್ಕೊಂಡ್ರು ಭಾವ. ಅವರ ಮುಂಗೋಣೇನೇ ನಂಗೆ ಬಿಟ್ಟುಕೊಟ್ಟಿದಾರೆ. ಊಟದ ಮಾತು ಮಾತ್ರ ಎತ್ತಲಿಲ್ಲ."

"ಮನೆ ಖಾಲಿ ಮಾಡ್ತೀನಿ ಅಂದಿದ್ಯಲ್ಲೋ!"

"ಮಾಡಿದೆನಲ್ಲ! ಚದುರಂಗದಲ್ಲಿ ರಾಜ ಒಂದು ಸಲಕ್ಕೆ ಒಂದೇ ಮನೆ ತಾನೇ ನಡೆಯೋದು?" ಎಂದವನು ಅಡುಗೆಮನೆಯತ್ತ ತಿರುಗಿ ತಟ್ಟೆ ಚಾಚಿದ. "ಅಕ್ಕಾ, ಬಡಿಸು."