ಅವನ ಫೋಟೋಗಿಂತ ಚೆನ್ನಾಗಿ ತೆಗೀರಿ

ಹುಣಸೂರಿನ ಪೇಟೆ ಬೀದಿಯಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಷ್ಟು ಕಾಲವೂ ಫೋಟೋಗಾಗಿ ಏನಾದರೊಂದು ಪೈಪೋಟಿ ನಡೆಯುತ್ತಲೇ ಇತ್ತು. ಆಗ ಮಹಾರಾಜರ ಆಳ್ವಿಕೆ. ಸುತ್ತಲ ಹಳ್ಳಿಗಳಿಂದ ಹುಡುಗರು ಬಂದು ಬಾಡಿಗೆ ಕೋಣೆ ಹಿಡಿದು ಹೈಸ್ಕೂಲು ಓದುತ್ತಿದ್ದರು. ಓದು ಹೇಗೋ ಏನೋ, ಫೋಟೋ ಮಾತ್ರ ಎಲ್ಲರಿಗೂ ಬೇಕು. ಊರಿಗೆ ಕಳಿಸಬೇಕು, ಹೆಣ್ಣಿನ ಮನೆಯವರಿಗೆ ತೋರಿಸಬೇಕು. ಒಬ್ಬ ತೆಗೆಸಿಕೊಂಡು ಹೋದ ಅಂದರೆ ಸಾಕು, ಮಾರನೆಯ ದಿನ ಇನ್ನೊಬ್ಬ ಬಾಗಿಲಲ್ಲಿ ನಿಂತಿರುತ್ತಿದ್ದ. "ಅವನ ಫೋಟೋಗಿಂತ ಚೆನ್ನಾಗಿ ತೆಗೀರಿ ಸಾರ್" ಅನ್ನೋದೇ ಅವನ ಮೊದಲ ಮಾತು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಈ ಹುಡುಗರ ಹೊಟ್ಟೆಕಿಚ್ಚಿನಿಂದ.

ನಾನೇನೂ ಸಾಧು ಅಲ್ಲ. ಪಿರಿಯಾಪಟ್ಟಣದ ಫೋಟೋದವನು ಅರಮನೆ ಮೆಟ್ಟಿಲು ಬರೆಸಿದ ದೊಡ್ಡ ಪರದೆ ತಂದಿದ್ದಾನೆ ಅಂತ ಕೇಳಿದಾಗ ನನಗೆ ಅನ್ನ ಸೇರಲಿಲ್ಲ. ಸಾಲ ಸೋಲ ಮಾಡಿ ನಾನೂ ಒಂದು ಪರದೆ ಬರೆಸಿದೆ. ಅವನದರಲ್ಲಿ ಬರೀ ಮೆಟ್ಟಿಲು. ನನ್ನದರಲ್ಲಿ ಮೆಟ್ಟಿಲ ಮೇಲೊಂದು ನವಿಲು.

ಕರಿ ಕೋಟು

ಮಿರ್ಲೆ ಕಡೆಯ ಇಬ್ಬರು ಹುಡುಗರು. ಊರಲ್ಲಿ ಒಂದೇ ಬೀದಿ, ಇಲ್ಲಿ ಒಂದೇ ಕೋಣೆ. ಮೊದಲನೆಯವನು ಬಂದು ಸ್ಟುಡಿಯೋದ ಕರಿ ಕೋಟು, ಜರಿ ಪೇಟ ಹಾಕಿಕೊಂಡು, ಕೈಯಲ್ಲಿ ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದು ಕೂತ. ಅಮಲ್ದಾರರ ಹಾಗೆ ಕಂಡ. ಅವನ ಫೋಟೋ ನೋಡಿದ ಎರಡನೆಯವನು ಓಡಿ ಬಂದ. ಅವನಿಗೂ ಅದೇ ಕೋಟು, ಅದೇ ಪೇಟ. ಜೊತೆಗೆ ಕನ್ನಡಕ ಬೇರೆ ಕೇಳಿದ, ಕೊಟ್ಟೆ.

ಎರಡು ಫೋಟೋನೂ ಊರು ಮುಟ್ಟಿದವು. ಒಂದು ದಿನ ಸ್ಟುಡಿಯೋ ಮುಂದೆ ಎತ್ತಿನ ಗಾಡಿ ನಿಂತಿತು. ಇಬ್ಬರು ಹೆಂಗಸರು ಜಗಳ ಆಡುತ್ತಲೇ ಇಳಿದರು. ಆ ಹುಡುಗರ ತಾಯಂದಿರು.

"ನೀವೇ ಏನ್ರೀ ಫೋಟೋದೋರು? ನನ್ ಮಗನ್ ಕೋಟ್ನ ಬಿಚ್ಚಿ ಇವಳ ಮಗನ್ಗೆ ಯಾಕ್ರೀ ಆಕುದ್ರಿ?" ಅಂದಳು ಒಬ್ಬಳು.

"ಇವಳ ಮಗನ್ಗೆ ಕೋಟು ಎಲ್ಲಿಂದ ಬರ್ಬೇಕು? ಅದು ನನ್ ಮಗಂದು ಕಣ್ರೀ!" ಅಂದಳು ಇನ್ನೊಬ್ಬಳು. "ಒಂದೇ ಕೋಣೇಲವ್ರೆ ಅಂತ ಇವಳ ಮಗ ಎತ್ಕೊಂಡವ್ನೆ."

ಗೂಟಕ್ಕೆ ನೇತುಹಾಕಿದ್ದ ಕೋಟು ತೋರಿಸಿದೆ. "ಜಗಳ ಆಡಬೇಡಿ ತಾಯಿ. ಕೋಟು ನಂದು. ಪೇಟಾನೂ ನಂದು, ಪುಸ್ತಕಾನೂ ನಂದು. ಆ ಕನ್ನಡಕ ನಮ್ಮ ಮಾವನೋರದ್ದು."

ಮೊದಲನೆಯವಳು ಮಗನ ಫೋಟೋನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಂಗಾರೆ ಒಳಗಿರೋ ಉಡ್ಗನಾದ್ರೂ ನಮ್ಮೋನೋ, ಇಲ್ಲ ಅವ್ನೂ ನಿಮ್ದೇಯಾ?"

ಪಂಡಿತರ ಕುರ್ಚಿ

ವರ್ಷದ ಕೊನೆಗೆ ಸ್ಕೂಲಿನ ಗ್ರೂಪ್ ಫೋಟೋ. ಅದರಲ್ಲೂ ನಾಟಕ ಇಲ್ಲದೆ ಇರುತ್ತಿರಲಿಲ್ಲ. ಬೂಟು ಇದ್ದ ಹುಡುಗರೆಲ್ಲ ಮುಂದೆ, ಬರಿಗಾಲಿನವರೆಲ್ಲ ಹಿಂದೆ. ಫೋಟೋ ನೋಡಿದವರು ಇಡೀ ಸ್ಕೂಲಿಗೇ ಬೂಟಿದೆ ಅಂದುಕೊಳ್ಳಬೇಕು.

ಮೇಷ್ಟರ ತಕರಾರು ಬೇರೆ. ಹೆಡ್‌ಮೇಷ್ಟ್ರು ನಡುವೆ. ಅವರ ಬಲಗಡೆ ಕುರ್ಚಿ ಯಾರಿಗೆ? ಗಣಿತದ ಮೇಷ್ಟ್ರಿಗೂ ಅದೇ ಬೇಕು, ಕನ್ನಡ ಪಂಡಿತರಿಗೂ ಅದೇ ಬೇಕು. ಗಣಿತದವರು ಬೆಳಿಗ್ಗೆಯೇ ಬಂದು ಆ ಕುರ್ಚಿ ಮೇಲೆ ಕೊಡೆ ಇಟ್ಟುಬಿಟ್ಟಿದ್ದರು. ಪಂಡಿತರಿಗೆ ಸಾಲಿನ ತುದಿಯಲ್ಲಿ ಜಾಗ ಸಿಕ್ಕಿತು.

"ನಾನು ಕ್ಯಾಮೆರಾದ ಮುಚ್ಚಳ ತೆಗೆದು ಮತ್ತೆ ಹಾಕೋವರೆಗೂ ಯಾರೂ ಅಲ್ಲಾಡಬೇಡಿ" ಅಂತ ಕೂಗಿ ಹೇಳಿ ಮುಚ್ಚಳ ತೆಗೆದೆ. ಪಂಡಿತರು ಅರ್ಧದವರೆಗೂ ತಡಕೊಂಡರು. ಆಮೇಲೆ ತಡೆಯಲಾಗದೆ ಗಣಿತದವರ ಕುರ್ಚಿ ಕಡೆ ತಿರುಗಿ ಒಂದು ಸಲ ದುರುಗುಟ್ಟಿ ನೋಡಿಬಿಟ್ಟರು.

ಫೋಟೋದಲ್ಲಿ ಅವರ ಒಂದು ಕತ್ತಿನ ಮೇಲೆ ಎರಡು ಮುಖ. ಒಂದು ನಮ್ಮನ್ನು ನೋಡುತ್ತಿದೆ, ಇನ್ನೊಂದು ಕುರ್ಚಿ ನೋಡುತ್ತಿದೆ. ಹೆಡ್‌ಮೇಷ್ಟ್ರಿಗೆ ತೋರಿಸಿ, ದುಡ್ಡಿಲ್ಲದೆ ಇನ್ನೊಂದು ತೆಗೆದುಕೊಡ್ತೀನಿ ಸ್ವಾಮಿ ಅಂದೆ.

"ಬೇಡ ಬೇಡ, ಇದೇ ಇರಲಿ" ಅಂದರು ಅವರು. "ಪಂಡಿತರಿಗೆ ಎರಡು ಮುಖ ಅಂತ ಇಷ್ಟು ವರ್ಷ ನಾನು ಬಾಯಲ್ಲಿ ಹೇಳಿದರೆ ಮೇಲಿನೋರು ಯಾರೂ ನಂಬ್ತಿರಲಿಲ್ಲ."

ಎರಡು ಹುಲಿ

ನನ್ನ ಹತ್ತಿರ ಒಂದು ಹುಲಿಯೂ ಇತ್ತು. ಹಳೇ ಹುಲಿ ಚರ್ಮಕ್ಕೆ ಹುಲ್ಲು ತುಂಬಿ ಹೊಲೆಸಿದ್ದು. ಅಂತರಸಂತೆ ಕಡೆಯ ಹುಡುಗನೊಬ್ಬ ಅದರ ಮೇಲೆ ಕಾಲಿಟ್ಟು, ಮರದ ಕೋವಿ ಹಿಡಿದು ಫೋಟೋ ತೆಗೆಸಿಕೊಂಡ. ಕಾಡಂಚಿನ ಊರಿನವನು ನಿಜ, ಆದರೆ ಕತ್ತಲೆ ಕೋಣೆಯಿಂದ ನಮ್ಮ ಮನೆಯ ಬೆಕ್ಕು ಹಾರಿ ಬಂದಾಗ ಕೋವಿ ಎಸೆದು ಬೀದಿಗೆ ಓಡಿದವನು. ಕೋಟೆ ತಾಲ್ಲೂಕಿನ ಪಟೇಲರೊಬ್ಬರು ಮಗಳಿಗೆ ಧೈರ್ಯವಂತ ಗಂಡು ಹುಡುಕುತ್ತಿದ್ದರು. ಫೋಟೋ ನೋಡಿ, "ಗಂಡು ಅಂದ್ರೆ ಇವ್ನು ಕಣ್ರಪ್ಪಾ" ಅಂದರಂತೆ.

ಆ ಹೆಣ್ಣಿನ ಮೇಲೆ ಆಸೆ ಇಟ್ಟುಕೊಂಡಿದ್ದ ಇನ್ನೊಬ್ಬ ಹುಡುಗ ಅದೇ ಕ್ಲಾಸಿನಲ್ಲಿದ್ದ. ಸುದ್ದಿ ತಿಳಿದು ಕೆಂಡದಂತಾಗಿ ಬಂದ.

"ಅವನ್ಗೆ ಒಂದು ಹುಲಿ ಇಟ್ರಲ್ಲ, ನನ್ಗೆ ಎರಡು ಇಡಿ."

"ಇರೋದೇ ಒಂದು ಕಣಯ್ಯ."

"ಏನಾರಾ ಮಾಡಿ ಸಾರ್. ಮೂರು ದಿನದಿಂದ ಅವ್ನು ಮೀಸೆ ತಿರುವ್ಕೊಂಡು ಓಡಾಡ್ತಾವ್ನೆ. ನೋಡಿ ನೋಡಿ ನನ್ ಹೊಟ್ಟೆ ಬೆಂದೋಯ್ತು."

ಕಸುಬಿನ ಕೈಚಳಕ ತೋರಿಸೋ ಆಸೆ ನನಗೂ ಬಂತು. ಕ್ಯಾಮೆರಾದ ಅರ್ಧ ಮುಚ್ಚಿ ಒಂದು ಕಡೆ ಹುಲಿ ತೆಗೆದೆ. ಅದೇ ಹುಲಿಯನ್ನು ಇನ್ನೊಂದು ಕಡೆಗೆ ಎಳೆದು ಉಳಿದ ಅರ್ಧದಲ್ಲಿ ತೆಗೆದೆ. ನಡುವೆ ನಿಂತ ಹುಡುಗನಿಗೆ ಎಡಕ್ಕೊಂದು, ಬಲಕ್ಕೊಂದು ಹುಲಿಯಾಯಿತು. ಪಟೇಲರು ಫೋಟೋನ ತಿರುಗಿಸಿ ತಿರುಗಿಸಿ ನೋಡಿ, "ಎರಡೂ ಒಂದೇ ತರ ಅವೆ. ಅವಳಿ ಜವಳಿ ಇರ್ಬೇಕು" ಅಂದರಂತೆ. ಸಂಬಂಧ ಇವನ ಕಡೆ ತಿರುಗಿತು. ಒಂದು ಹುಲಿಯವನು ನನ್ನ ಸ್ಟುಡಿಯೋ ಮುಂದೆ ಮುಖ ತಿರುಗಿಸಿಕೊಂಡು ಓಡಾಡತೊಡಗಿದ.

ಹದಿನೈದು ದಿನ ಆಗಿರಲಿಲ್ಲ, ಪಟೇಲರ ಆಳು ಗಾಡಿ ಕಟ್ಟಿಕೊಂಡು ಬಂದ. ಚಿರತೆಯೊಂದು ಅವರ ಕೊಟ್ಟಿಗೆಗೆ ನುಗ್ಗಿ ಕರು ಹಿಡಿದು, ಅಟ್ಟ ಹತ್ತಿ ಕೂತಿತ್ತಂತೆ. "ಕೋವಿ ತಗೊಂಡು ಬಿರ್‍ರನೆ ಅಳಿಯಂದ್ರು ಬರ್ಬೇಕಂತೆ" ಅಂದ.

ಎರಡು ಹುಲಿಯವನು ನನ್ನ ಪರದೆ ಹಿಂದೆ ಬಂದು ಕೂತ. ಆಳು ಅಲ್ಲಿಗೂ ಬಂದ. ಇನ್ನು ದಾರಿ ಇಲ್ಲ. ಹುಡುಗ ಎದ್ದು ನಿಂತು ಧೂಳು ಕೊಡವಿಕೊಂಡ.

"ಬರೀ ಚಿರತೇನಾ? ಒಂದು ಚಿರತೆಗೆಲ್ಲ ನಾನ್ಯಾಕ್ಲಾ? ಅಷ್ಟಕ್ಕೆ ಆ ಒಂದು ಹುಲಿಯೋನೇ ಸಾಕು, ಕರ್ಕೊಂಡೋಗು!"

ಆಳು ಹಾಗೇ ಮಾಡಿದ. ಒಂದು ಹುಲಿಯವನು ದಾರಿಯುದ್ದಕ್ಕೂ ಅತ್ತುಕೊಂಡೇ ಹೋದನಂತೆ. ಗಾಡಿ ಊರು ಸೇರೋ ಹೊತ್ತಿಗೆ ಜನ ತಮಟೆ ಬಡಿದು ಗದ್ದಲ ಎಬ್ಬಿಸಿದ್ದಕ್ಕೆ ಚಿರತೆ ಕಾಡಿಗೆ ಓಡಿಹೋಗಿತ್ತು. ಪಟೇಲರಿಗೆ ತಮಟೆ ಲೆಕ್ಕಕ್ಕೆ ಬರಲಿಲ್ಲ. "ಇವ್ನು ಬತ್ತಾವ್ನೆ ಅನ್ನೋ ವಾಸ್ನೆಗೇ ಓಡೋಯ್ತು" ಅಂತ ಹೇಳಿ ಅವತ್ತೇ ತಾಂಬೂಲ ಕೊಟ್ಟರು.

ಮದುವೆ ಕಾಗದ ಹಂಚಿದ ದಿನ ಎರಡು ಹುಲಿಯವನು ಫೋಟೋ ಹಿಡಿದುಕೊಂಡು ನನ್ನ ಹತ್ತಿರ ಬಂದ. ಕಣ್ಣು ಕೆಂಪಗಾಗಿತ್ತು.

"ಇದ್ರಲ್ಲಿ ಒಂದು ಹುಲಿ ಅಳಿಸ್ಬುಡಿ ಸಾರ್. ಈ ಎರಡ್ನೇದ್ರಿಂದ್ಲೇ ನಾನು ಕೆಟ್ಟೆ."

ಕಿಟಕಿಯ ಹೆಣ್ಣು

ಇದು ನನ್ನ ಮನೆಗೇ ಹತ್ತಿಕೊಂಡ ಬೆಂಕಿ.

ಸ್ಕೂಲಿನ ನಾಟಕದಲ್ಲಿ ಕಡೇ ವರ್ಷದ ಹುಡುಗನೊಬ್ಬ ರಾಣಿ ಪಾತ್ರ ಹಾಕಿದ್ದ. ವೇಷದಲ್ಲಿ ಒಂದು ಫೋಟೋ ಬೇಕು ಅಂತ ಬಂದ. ಉಟ್ಟಿದ್ದ ಸೀರೆ ಕಂಬಳಿ ತರ ಇತ್ತು. ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಪೆಟ್ಟಿಗೆಯಿಂದ ಅವಳ ಧಾರೆ ಸೀರೆ ತೆಗೆದು ಉಡಿಸಿದೆ. ನವಿಲಿನ ಪರದೆ ಮುಂದೆ ಕುರ್ಚಿ ಹಾಕಿ ಕೂರಿಸಿದರೆ, ಏನು ಹೇಳಲಿ, ಹೆಣ್ಣೇ. ಫೋಟೋನ ಸ್ಟುಡಿಯೋ ಕಿಟಕಿಯಲ್ಲಿ ಇಟ್ಟೆ. ಬೀದಿಯಲ್ಲಿ ಹೋಗೋ ಬರೋರೆಲ್ಲ ನಿಂತು ನೋಡತೊಡಗಿದರು.

ಹೆಂಡತಿ ಬಸ್ಸಿಳಿದು ಬಂದವಳು ಮನೆಗೂ ಹೋಗಲಿಲ್ಲ. ಕಿಟಕಿ ಮುಂದೆ ನಿಂತಳು. ಮೊದಲು ಸೀರೆ ನೋಡಿದಳು, ಆಮೇಲೆ ಮುಖ ನೋಡಿದಳು.

"ಯಾರ್ರೀ ಇವಳು?"

"ಇವಳಲ್ಲ ಕಣೆ, ಇವನು. ಸ್ಕೂಲ್ ಹುಡುಗ."

"ಯಾವ ಹುಡುಗನಿಗ್ರೀ ಇಂಥ ಕಣ್ಣಿರುತ್ತೆ?"

ಹುಡುಗನನ್ನೇ ಕರೆಸಿದೆ. ಕಡ್ಲೆಕಾಯಿ ತಿನ್ನುತ್ತಾ ಬಂದು ನಿಂತ. ಅವಳು ಅವನನ್ನೊಮ್ಮೆ, ಫೋಟೋನೊಮ್ಮೆ ನೋಡಿದಳು. ಕೋಪ ಇಳಿಯುತ್ತೆ ಅಂದುಕೊಂಡಿದ್ದೆ, ಅವಳ ಕಣ್ಣಲ್ಲಿ ನೀರು ಬಂತು.

"ಇಡೀ ತಾಲ್ಲೂಕಿನ ಫೋಟೋ ತೆಗೆದ್ರಿ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನ ನನ್ನನ್ನ ಆ ಕುರ್ಚಿ ಮೇಲೆ ಕೂರಿಸಲಿಲ್ಲ. ನನ್ನ ಸೀರೆಗೆ ಆ ಪುಣ್ಯ ಸಿಕ್ತು, ನನಗೆ ಸಿಗಲಿಲ್ಲ."

ಅವತ್ತೇ ಮಧ್ಯಾಹ್ನ ಅದೇ ಸೀರೆ, ಅದೇ ಕುರ್ಚಿ, ಅದೇ ನವಿಲು. ಸ್ವಲ್ಪ ನಗು ಅಂದೆ.

"ಅವನು ನಕ್ಕಿದ್ದಾನಾ?"

"ಇಲ್ಲ."

"ನಾನೂ ನಗಲ್ಲ."

ನಗದೇ ಇದ್ದರೂ ಫೋಟೋ ಚೆನ್ನಾಗಿ ಬಂತು. ಒದ್ದೆ ಕಾಗದ ಕೈಯಲ್ಲಿ ಹಿಡಿದು ಹಾಗೇ ನೋಡುತ್ತಾ ನಿಂತಿದ್ದೆ. ಚೆನ್ನಾಗಿದ್ದೀಯ ಅಂದೆ. "ಅವನಿಗಿಂತಾನಾ?" ಅಂದಳು. "ಅವನಿಗಿಂತ." ಆಗ ನಕ್ಕಳು. ಅವನದಕ್ಕಿಂತ ಒಂದು ಬೆರಳು ದೊಡ್ಡದಾಗಿ ಮಾಡಿಸಿ ಕಿಟಕಿಯಲ್ಲಿ ಅವನ ಪಕ್ಕಕ್ಕೆ ಅವಳೇ ಇಟ್ಟಳು. ಆಮೇಲಿಂದ ಕೆಲಸ ಬಿಟ್ಟು ಬಾಗಿಲ ಮರೆಯಲ್ಲಿ ನಿಲ್ಲೋದು, ಜನ ಯಾವುದನ್ನ ಹೆಚ್ಚು ಹೊತ್ತು ನೋಡ್ತಾರೆ ಅಂತ ಕಾಯೋದು.

ಒಂದು ದಿನ ಹೊಗೆಸೊಪ್ಪಿನ ಸಾಹುಕಾರರೊಬ್ಬರು ಒಳಗೆ ಬಂದರು. ದೊಡ್ಡ ರುಮಾಲು, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು.

"ಕಿಟ್ಕೀಲಿ ಫೋಟೋ ನೋಡ್ದೆ. ಲಕ್ಷ್ಮಿ ಕೂತಂಗವ್ಳೆ. ಯಾರ ಪೈಕಿ?"

ಹೆಂಡತಿ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಿಂದ ಹೊರಗೆ ಬಂದಳು. ಮುಖ ಅರಳಿತ್ತು. "ಯಾವ ಫೋಟೋ?" ಅಂತ ಗೊತ್ತಿಲ್ಲದವಳ ಹಾಗೆ ಕೇಳಿದಳು.

ಸಾಹುಕಾರರು ಅವಳನ್ನು ನೋಡಿ ಕೈ ಮುಗಿದರು. "ಓ, ನೀವು ಪಕ್ಕದ ಫೋಟೋದಲ್ಲಿರೋರು ಅಲ್ವಾ ತಾಯಿ! ನಿಮ್ ಸೀರೇನೇ ಮಗಳಿಗೂ ಉಡ್ಸಿದ್ದೀರಿ, ಅದ್ಕೇ ಗೊತ್ತಾಯ್ತು. ನಮ್ಮ ಹುಡುಗ ಮೈಸೂರಲ್ಲಿ ಓದ್ತಾವ್ನೆ. ನಿಮ್ ಮಗಳ್ನ ನಮ್ ಮನೆಗೆ ಕೊಡ್ಬೇಕು."

ನಾನು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿಕೊಂಡುಬಿಟ್ಟೆ. ಹೊರಗಿಂದ ಹೆಂಡತಿಯ ದನಿ ಕೇಳಿಸಿತು, ತಣ್ಣಗೆ.

"ಕೊಡಬಹುದಿತ್ತು ಯಜಮಾನ್ರೇ. ಆದರೆ ಅವಳಿಗೆ ಈಗಿನ್ನೂ ಮೀಸೆ ಚಿಗುರ್ತಾ ಇದೆ. ಪೂರ್ತಿ ಬೆಳೀಲಿ, ಆಮೇಲೆ ಬನ್ನಿ."